ಅಕ್ಕನ ಕಾರ್ಟಿಸಾಲ್ ಇಳಿದ ಬಗೆ

ರಕ್ತ ತೆಗೆಯುವ ಕೆಲಸದಲ್ಲಿರುವವರಿಗೆ ನಗು ಬರುವಂಥದ್ದು ದಿನಕ್ಕೊಂದಾದರೂ ಆಗುತ್ತಲೇ ಇರುತ್ತದೆ. ಕಷ್ಟ ಏನೆಂದರೆ, ಸೂಜಿ ಕೈಯಲ್ಲಿರುವಾಗ ನಗುವ ಹಾಗಿಲ್ಲ. ನಾನು ನಂಜನಗೂಡಿನ ಒಂದು ಸಣ್ಣ ಲ್ಯಾಬಿನಲ್ಲಿ ಟೆಕ್ನಿಷಿಯನ್. ಹಗಲೆಲ್ಲ ತಡೆದುಕೊಂಡ ನಗುವನ್ನು ಸಂಜೆ ಟಿ. ನರಸೀಪುರದ ಅಕ್ಕನ ಮನೆಗೆ ಫೋನ್ ಮಾಡಿ ಒಪ್ಪಿಸುತ್ತಿದ್ದೆ. ಫೋನ್ ಎತ್ತುತ್ತಿದ್ದವರು ಭಾವ. "ಇವತ್ತು ಯಾರ್ ರಕ್ತ ಈರ್ದವ್ವ ತಾಯಿ?" ಎಂದು ಶುರು ಮಾಡುತ್ತಿದ್ದರು. ನಾನು ಹೇಳುತ್ತಿದ್ದೆ, ಭಾವ ಬಿದ್ದು ಬಿದ್ದು ನಗುತ್ತಿದ್ದರು, ಅವರು ನಗುವುದನ್ನು ನೋಡಿ ಅಕ್ಕ ನಗುತ್ತಿದ್ದಳು.

ಭಾವ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದವರು. ಕೈಗೆ ಸದಾ ಗ್ರೀಸು, ಬಾಯಿಗೆ ಸದಾ ತಮಾಷೆ. ಅವರ ತಮಾಷೆಗೆ ಹೆಚ್ಚಾಗಿ ಸಿಗುತ್ತಿದ್ದವರು ಅವರ ಸ್ವಂತ ಅಣ್ಣ, ನಾವೆಲ್ಲ ದೊಡ್ಡಭಾವ ಎಂದು ಕರೆಯುವವರು. ದೊಡ್ಡಭಾವ ಮಡಿಯ ಮನುಷ್ಯ. ತಮ್ಮನ ಮನೆಗೆ ಬಂದರೆ ಕುರ್ಚಿಗೆ ನೀರು ಚಿಮುಕಿಸಿ, ಒಣಗಿದ ಮೇಲೆ ಕೂರುವವರು. ಭಾವ ಅದನ್ನು ನೋಡಿ, "ಅಣ್ಣೋ, ನಾನು ಸತ್ತಾದ್ರೂ ನಿನ್ ಮಡಿ ಕೆಡುಸ್ದೆ ಬುಡಾಕಿಲ್ಲ" ಎನ್ನುತ್ತಿದ್ದರು. ದೊಡ್ಡಭಾವ ಅವರಿಗೂ ಒಂದು ಚಿಮುಕಿಸುತ್ತಿದ್ದರು.

ಹೋದ ವರ್ಷ ಮುಂಗಾರಿನಲ್ಲಿ ಸೋಮನಾಥಪುರದ ಕಡೆ ಯಾರದೋ ಬೋರಿನಿಂದ ಮೋಟಾರ್ ಎತ್ತಲು ಹೋದ ಭಾವ ಆಂಬ್ಯುಲೆನ್ಸಿನಲ್ಲಿ ವಾಪಸು ಬಂದರು. ಹಾರ್ಟು. ಆಮೇಲೂ ನಾನು ಸಂಜೆ ಫೋನ್ ಮಾಡುತ್ತೇನೆ. ಅಕ್ಕ ಎತ್ತುತ್ತಾಳೆ, ನಾನು ಹೇಳುವುದನ್ನೆಲ್ಲ ಕೇಳಿಸಿಕೊಳ್ಳುತ್ತಾಳೆ, "ಊಂ, ಉಂಡ್ಯಾ?" ಎನ್ನುತ್ತಾಳೆ. ಅಷ್ಟೇ.

ಅಕ್ಕ ಅಳಲಿಲ್ಲ. ಹೆಣ ಮನೆಯೊಳಗಿದ್ದಾಗಲೂ ಅಳಲಿಲ್ಲ, ಎತ್ತಿದಾಗಲೂ ಅಳಲಿಲ್ಲ. ಬಂದವರಿಗೆ ನೀರು ಕೊಟ್ಟಳು, ಬಿದ್ದು ಹೊರಳಾಡುತ್ತಿದ್ದ ಮಗಳನ್ನು ಎತ್ತಿ ಕೂರಿಸಿದಳು, ಕಾರ್ಯ ಮುಗಿದ ಮೇಲೆ ಅವಳನ್ನು ಗಂಡನ ಮನೆಗೆ ಕಳಿಸಿ, ಹೊಲಿಗೆ ಮಿಷನ್ ಮುಂದೆ ಕೂತಳು. ಕೂತವಳು ಏಳಲಿಲ್ಲ. ನಿದ್ದೆ ಹೋಯಿತು, ಬಿಪಿ ಏರಿತು, ಮುಖ ಊದಿ ದುಂಡಗಾಯಿತು. ನೋಡಿದವರು "ಪರವಾಗಿಲ್ಲ, ಮೈ ಕೈ ತುಂಬ್ಕಂಡವಳೆ" ಎಂದರು. ನಮ್ಮ ಡಾಕ್ಟರು ನೋಡಿ ಕಾರ್ಟಿಸಾಲ್ ಟೆಸ್ಟ್ ಬರೆದರು.

ಕಾರ್ಟಿಸಾಲ್ ಎಂದರೆ ಮೂತ್ರಪಿಂಡದ ನೆತ್ತಿಯ ಮೇಲೆ ಕೂತ ಪುಟ್ಟ ಗ್ರಂಥಿ ರಕ್ತಕ್ಕೆ ಬಿಡುವ ಹಾರ್ಮೋನು. ಬೆಳಗ್ಗೆ ನಮ್ಮನ್ನು ಎಬ್ಬಿಸುವುದರಲ್ಲಿ ಅದರ ಕೈವಾಡವಿದೆ, ನಾಯಿ ಅಟ್ಟಿಸಿಕೊಂಡು ಬಂದಾಗ ಓಡಿಸುವುದರಲ್ಲೂ ಇದೆ. ನಾಯಿ ಹೋದ ಮೇಲೆ ಅದು ಇಳಿಯಬೇಕು. ಕೆಲವರಿಗೆ ನಾಯಿ ಹೋಗಿ ತಿಂಗಳುಗಳಾದರೂ ಇಳಿಯುವುದಿಲ್ಲ. ಇಳಿಯದಿದ್ದರೆ ಭಾವನ ಹಿಂದೆಯೇ ಇವಳೂ ಹೊರಟುಬಿಡುತ್ತಾಳೆ ಎಂಬ ಭಯ ನನ್ನ ಎದೆಯಲ್ಲಿ ಕೂತಿತ್ತು. ಇನ್ನು ಮುಂದಿನದೆಲ್ಲ ನಗೆಯ ಮಾತೇ. ನಡುವೆ ಅಕ್ಕ ಬರುತ್ತಾಳೆ, ಅವಳನ್ನು ಬಿಟ್ಟು ಹೇಳಲು ನನಗೆ ಬರುವುದಿಲ್ಲ.

ಸುಮ್ಮನೆ ಕೂರುವ ಪರೀಕ್ಷೆ

ಈ ಟೆಸ್ಟಿಗೆ ಬೆಳಗ್ಗೆ ಎಂಟರ ಹೊತ್ತಿಗೆ ರಕ್ತ ತೆಗೆಯಬೇಕು. ಅದಕ್ಕೂ ಮೊದಲು ಪೇಷಂಟು ಸ್ವಲ್ಪ ಹೊತ್ತು ಗಲಾಟೆಯಿಲ್ಲದೆ ಕೂತಿರಬೇಕು. ಓಡಿ ಬಂದರೂ, ಜಗಳ ಆಡಿ ಬಂದರೂ ರಿಪೋರ್ಟು ಏರುತ್ತದೆ. ನಮ್ಮ ಲ್ಯಾಬಿಗೆ ಬರುವವರಲ್ಲಿ ಬಸ್ಸಿಗೆ ಓಡದೆ, ಸೀಟಿಗೆ ಜಗಳ ಆಡದೆ ಬರುವವರು ಯಾರಿದ್ದಾರೆ?

ಒಂದು ದಿನ ಕಳಲೆಯಿಂದ ಗಂಡ ಹೆಂಡತಿ ಬಂದರು. ಟೆಸ್ಟು ಗಂಡನಿಗೆ. ಬಾಳೆ ತೋಟದ ಮನುಷ್ಯ, ಮಾತು ಕಮ್ಮಿ. ಬೆಂಚಿನ ಮೇಲೆ ಕೂರಿಸಿ, "ಅರ್ಧ ಗಂಟೆ ನೆಮ್ಮದಿಯಾಗಿ ಕೂತಿರಿ ಸರ್" ಎಂದೆ. ಅವರು ಕಣ್ಣು ಮುಚ್ಚಿದರು.

"ನೆಮ್ಮದಿಯಾಗಿ ಕೂತ್ಕಳಿ, ಅಕ್ಕೋರು ಏಳಿಲ್ವಾ?" ಎಂದರು ಹೆಂಡತಿ.

"ಕೂತಿವ್ನಲ್ಲ."

"ಕೂತಿದ್ದೀರಿ, ನೆಮ್ಮದಿ ಎಲ್ಲೈತೆ? ಹುಬ್ಬು ಗಂಟಾಕಂಡಿದ್ದೀರಿ. ನೀರು ಬುಟ್ಟು ಬಂದ್ರಾ ತೋಟಕ್ಕೆ? ಬುಟ್ಟಿಲ್ಲ ಅಂದ್ರೂ ಈಗ ಅದ್ನ ಯೋಚ್ನೆ ಮಾಡ್ಬೇಡಿ. ಗೇಟು ಆಕಿದ್ರಾ? ಆಡು ನುಗ್ಗಿದ್ರೂ ನುಗ್ಲಿ, ಟೆನ್ಸನ್ ಮಾತ್ರ ತಕಬೇಡಿ."

ನಾನು ಆ ತಾಯಿಯನ್ನು ಮೆಲ್ಲಗೆ ಹೊರಗೆ ಕಳಿಸಿ ಬಾಗಿಲು ಹಾಕಿದೆ. ಆಮೇಲೆ ಕಿಟಕಿಯ ಸರಳಿನ ನಡುವೆ ಅವರ ಮುಖ ಕಾಣಿಸಿಕೊಂಡಿತು. "ಟೆನ್ಸನ್ ಇಲ್ಲ ತಾನೆ?" ಎಂದಿತು ಮುಖ.

ರಿಪೋರ್ಟು ಬಂತು. ಎಲ್ಲ ಸರಿಯಾಗಿತ್ತು. ಆ ಮನುಷ್ಯ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, "ಮೂವತ್ತು ವರ್ಸದಿಂದ ಅಭ್ಯಾಸ ಆಗೋಗೈತೆ ಕಣಕ್ಕೋರೆ, ನಂಗೇನೂ ಆಗಾಕಿಲ್ಲ. ಆ ಸೂಜಿಯ ಅವುಳ್ಗೇ ಚುಚ್ಚಿ" ಎಂದರು.

ಅದಾದ ವಾರದಲ್ಲೇ ಅಕ್ಕನ ರಕ್ತ ತೆಗೆದೆ. ಅವಳನ್ನು ಸುಮ್ಮನೆ ಕೂರಿಸುವ ಕಷ್ಟವೇ ಇರಲಿಲ್ಲ. ಗೋಡೆ ನೋಡಿಕೊಂಡು, ಕೈ ಚಾಚಿಕೊಂಡು ಕೂತಳು. ಸೂಜಿ ಇಳಿದಾಗ ಕಣ್ಣು ಕೂಡ ಮಿಟುಕಿಸಲಿಲ್ಲ. ಇಷ್ಟು ಶಾಂತವಾಗಿ ಕೂತವಳಿಗೆ ಏನೂ ಇರಲಾರದು ಎಂದುಕೊಂಡೆ. ರಿಪೋರ್ಟು ನೋಡಿದರೆ ಇರಬೇಕಾದ್ದಕ್ಕಿಂತ ಬಹಳ ಮೇಲಿತ್ತು. ಮುಖದಲ್ಲಿ ಕಾಣಿಸದಿದ್ದದ್ದೆಲ್ಲ ರಕ್ತದಲ್ಲಿತ್ತು.

ವಾಕಿಂಗ್

ಡಾಕ್ಟರು ಅಕ್ಕನನ್ನು ಕೂರಿಸಿಕೊಂಡು ಹೇಳಿದರು. "ಗ್ರಂಥಿಯಲ್ಲೇ ತೊಂದರೆ ಇದೆಯಾ ಅಂತ ಮೊದಲು ತಿಳ್ಕೋಬೇಕು. ಅದಕ್ಕೆ ಒಂದು ದಿನದ ಪೂರ್ತಿ ಮೂತ್ರ ಹಿಡಿದು ಪರೀಕ್ಷೆ ಮಾಡಿಸಿ. ಅಲ್ಲೀವರೆಗೆ ಮಾತ್ರೆ ಬೇಡ. ಬೆಳಗಿನ ಬಿಸಿಲಲ್ಲಿ ನಡೀರಿ, ಕಾಫಿ ಕಮ್ಮಿ ಮಾಡಿ, ಹೊತ್ತಿಗೆ ಸರಿಯಾಗಿ ಮಲಗಿ, ನಿಧಾನವಾಗಿ ಉಸಿರಾಡೋದು ಕಲೀರಿ. ಅಳು ಬಂದ್ರೆ ತಡೀಬೇಡಿ."

"ಬಂದ್ರೆ ತಾನೆ ಸಾ" ಎಂದಳು ಅಕ್ಕ.

ಮೂತ್ರದ ಪರೀಕ್ಷೆಯನ್ನು ನಾಚಿಕೆಯಿಂದ ಮುಂದಕ್ಕೆ ಹಾಕಿದಳು. ಉಳಿದವನ್ನೆಲ್ಲ ಚಾಚೂ ತಪ್ಪದೆ ಹಿಡಿದಳು. ಮಾರನೆ ದಿನವೇ ಭಾವನ ಹಳೆಯ ಕ್ಯಾನ್ವಾಸ್ ಶೂ ಹಾಕಿಕೊಂಡು, ಒಳಗೆ ಬಟ್ಟೆ ತುರುಕಿ ಅಳತೆ ಸರಿಮಾಡಿಕೊಂಡು, ಹೊಳೆ ಕಡೆಯ ರಸ್ತೆಯಲ್ಲಿ ಹೊರಟಳು.

ವಾರ ಬಿಟ್ಟು ಬಿಪಿ ನೋಡಿದೆ. ಏರಿತ್ತು. "ನಡೀತಾ ಇಲ್ವಾ?" ಎಂದು ಕೇಳಿದೆ.

"ನಡ್ಯಾಕೆ ಎಲ್ ಬುಡ್ತಾರೆ?" ಎಂದಳು. ಮೊದಲ ತಿರುವಿನಲ್ಲೇ ಹಾಲಿನವಳು ಅವಳನ್ನು ಕಂಡು, "ನಿನ್ನ ಒಂಟಿಯಾಗ್ ನೋಡಾಕ್ ಆಗಾಕಿಲ್ಲ ಕನಕ್ಕಾ" ಎಂದು ಕ್ಯಾನು ಕೆಳಗಿಟ್ಟು ಅಳಲು ಶುರುಮಾಡಿದಳಂತೆ. ಅವಳನ್ನು ಸಮಾಧಾನ ಮಾಡಿ ಮುಂದೆ ಹೋದರೆ ಭಾವನಿಂದ ಮೋಟಾರ್ ಕಟ್ಟಿಸಿಕೊಂಡಿದ್ದ ರೈತ. ಅವನು ಸೈಕಲ್ ನಿಲ್ಲಿಸಿ ಟವೆಲಿಗೆ ಮೂಗು ಸೀಟಿದನಂತೆ. ಅವನ ಬೆನ್ನು ಸವರಿ ಕಳಿಸಿದರೆ ಹೋಟೆಲಿನವರು ಒಳಗೆ ಕರೆದು ಕೂರಿಸಿ, "ನಮ್ ಅಂಗಡಿ ನಗ್ತಾ ಇದ್ದುದ್ದೇ ಅವ್ರಿಂದ" ಎಂದು ಗಲ್ಲಾದ ಮೇಲೆ ತಲೆಯಿಟ್ಟರಂತೆ.

"ಎಲ್ರೂ ಅತ್ತು ಅಗುರಾದ್ರು ಕಣೆ" ಎಂದಳು ಅಕ್ಕ. "ನರಸೀಪುರದ ಅರ್ಧ ಊರಿನ ಕಾರ್ಟಿಸಾಲ್ ಇಳ್ಸಿವ್ನಿ. ನಂದೊಂದೇ ಬಾಕಿ."

ಅವಳು ತಮಾಷೆಗೆ ಹೇಳಿದಳೋ ನಿಜಕ್ಕೇ ಹೇಳಿದಳೋ ತಿಳಿಯಲಿಲ್ಲ. ಭಾವ ಇದ್ದಿದ್ದರೆ ನಕ್ಕು ತಿಳಿಸುತ್ತಿದ್ದರು.

ಎರಡು ಲೋಟ

ಇದು ಚಿಕ್ಕದು. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಅವರು ಕೇಳಿದರು, "ಕಾಫಿ ಕಮ್ಮಿ ಮಾಡಿದ್ರಾ?"

"ಮಾಡಿವ್ನಿ ಸಾ. ಬೆಳಿಗ್ಗೆ ಒಂದು, ಸಂದೆಗೊಂದು."

"ಅಷ್ಟೇನಾ? ನಿಜ ಹೇಳಿ."

"ಕುಡ್ಯೋದು ನಾಕು. ಆದ್ರೆ ನಂದು ಎರ್ಡೇ ಸಾ."

ಡಾಕ್ಟರು ನನ್ನ ಮುಖ ನೋಡಿದರು, ನಾನು ಅಕ್ಕನ ಮುಖ ನೋಡಿದೆ.

"ಕೈ ಕೇಳಾಕಿಲ್ಲ, ಎರಡು ಲೋಟ ಇಟ್ಬುಡ್ತದೆ" ಎಂದಳು ಅಕ್ಕ. "ಅವ್ರುದ್ನ ಚೆಲ್ಲಾಕೆ ಮನ್ಸು ಬರಾಕಿಲ್ಲ. ಅದ್ಕೆ ಅದ್ನೂ ಕುಡೀತೀನಿ. ಅದು ನನ್ ಲೆಕ್ಕಕ್ಕೆ ಬತ್ತದಾ ಸಾ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಅವರದಕ್ಕೆ ಸಕ್ಕರೆ ಹಾಕ್ಬೇಡಿ" ಎಂದರು.

"ಅವ್ರು ಒಪ್ಪಾಕಿಲ್ಲ ಸಾ" ಎಂದಳು ಅಕ್ಕ.

ಶವಾಸನ

ಉಸಿರಾಟ ಕಲಿಯಲು ಅವಳನ್ನು ಯೋಗ ಶಿಬಿರಕ್ಕೆ ಸೇರಿಸಿದೆ. ನರಸೀಪುರದ ಒಂದು ಕಲ್ಯಾಣ ಮಂಟಪದಲ್ಲಿ ಬೆಳಗಿನ ಹೊತ್ತು ನಡೆಯುತ್ತಿತ್ತು. ಕಲಿಸುವವರು ಹೊರಗಿನಿಂದ ಬಂದ ಗುರುಗಳು, ಬಿಳಿ ಪೈಜಾಮ, ಜೇನು ಹಚ್ಚಿದಂಥ ಮಾತು. ಮೊದಲ ದಿನ ಅವಳ ಜೊತೆಗೆ ನಾನೂ ರಜೆ ಹಾಕಿ ಹೋಗಿದ್ದೆ.

ಕೊನೆಗೆ ಎಲ್ಲರನ್ನೂ ಅಂಗಾತ ಮಲಗಿಸಿದರು. "ಕಾಲ್ಬೆರಳು ಸಡಿಲ ಬಿಡಿ. ಮಂಡಿ ಸಡಿಲ ಬಿಡಿ. ಚಿಂತೆಗಳನ್ನು ಹೊಳೆಯ ನೀರಿನಲ್ಲಿ ಬಿಟ್ಟುಬಿಡಿ, ಅವು ತೇಲಿ ಹೋಗಲಿ." ಹೊಳೆ ಮಂಟಪದ ಹಿಂದೆಯೇ ಇತ್ತು. ಅದರಲ್ಲೇ ಭಾವನ ಬೂದಿ ಬಿಟ್ಟಿದ್ದೆವು. ಅಕ್ಕನ ಕಡೆ ಕಣ್ಣು ಹೊರಳಿಸಿದೆ. ಕಣ್ಣು ಬಿಟ್ಟುಕೊಂಡು ಮೇಲೆ ನೋಡುತ್ತಿದ್ದಳು.

ಆ ಹೊತ್ತಿಗೆ ಸುತ್ತ ಗೊರಕೆ ಶುರುವಾಗಿತ್ತು. ಹೂ ಮಾರುವ ಹೆಂಗಸರು, ನಸುಕಿಗೇ ಎದ್ದು ಅಡುಗೆ ಮುಗಿಸಿ ಬಂದವರು. ಚಾಪೆ ಸಿಕ್ಕಿದ್ದೇ ಭಾಗ್ಯ ಎಂದು ಮಲಗಿಬಿಟ್ಟಿದ್ದರು. ಗುರುಗಳು "ಈಗ ನಿಧಾನವಾಗಿ ಏಳಿ" ಎಂದರು. ಯಾರೂ ಏಳಲಿಲ್ಲ. ಚಪ್ಪಾಳೆ ತಟ್ಟಿದರು, ಗಂಟೆ ಬಾರಿಸಿದರು. ಒಬ್ಬ ಅಜ್ಜಿ ಮಗ್ಗುಲು ಬದಲಿಸಿ, "ವಸಿ ಸುಮ್ಕಿರಪ್ಪ" ಎಂದರು.

ನನ್ನನ್ನು ಬಿಟ್ಟರೆ ಎದ್ದು ಕೂತವಳು ಅಕ್ಕ ಒಬ್ಬಳೇ. ಗುರುಗಳಿಗೆ ಸಂತೋಷವಾಯಿತು. ಹತ್ತಿರ ಬಂದು ಬಗ್ಗಿ, "ನಿಮ್ಮ ಅನುಭವ ಹೇಳಿ ತಾಯಿ. ಒಳಗೆ ಏನು ಕಾಣಿಸಿತು?" ಎಂದು ಕೇಳಿದರು.

"ಒಳಗೇನೂ ಕಾಣ್ಲಿಲ್ಲ ಸಾ" ಎಂದಳು ಅಕ್ಕ. "ನಿಮ್ ಪೈಜಾಮದ ಇಂದುಗಡೆ ಒಲಿಗೆ ಬುಟ್ಟೈತೆ. ಇನ್ನೊಂದಪ ಬಗ್ಗುದ್ರೆ ಪೂರ್ತಿ ಓಯ್ತದೆ. ಆಗ್ಲಿಂದ ಅದೇ ಯೋಚ್ನೆ, ನಂಗೆ ಉಸ್ರೇ ಆಡ್ಲಿಲ್ಲ."

ಶಿಬಿರ ಮುಗಿಯುವವರೆಗೂ ಗುರುಗಳು ಗೋಡೆಗೆ ಬೆನ್ನು ಕೊಟ್ಟೇ ಪಾಠ ಹೇಳಿದರಂತೆ.

ಫ್ಯಾಟ್ ಎಷ್ಟು

ಒಂದು ದಿನದ ಮೂತ್ರ ಹಿಡಿಯುವ ಪರೀಕ್ಷೆಗೆ ನಾವು ಐದು ಲೀಟರಿನ ಬಿಳಿ ಕ್ಯಾನು ಕೊಡುತ್ತೇವೆ. ಬೆಳಗಿನ ಮೊದಲನೆಯದನ್ನು ಬಿಟ್ಟು, ಅಲ್ಲಿಂದ ಮಾರನೆ ಬೆಳಗಿನ ತನಕ ಹೋದದ್ದನ್ನೆಲ್ಲ ಅದಕ್ಕೆ ತುಂಬಿ ತರಬೇಕು. ಹೇಳುವುದು ಸುಲಭ. ಜನ ಇದನ್ನು ಬಸ್ಸಿನಲ್ಲಿ ತರುವ ಬಗೆ ನೋಡಬೇಕು. ಮದುವೆಯ ಉಡುಗೊರೆ ಚೀಲದಲ್ಲಿ ತಂದವರಿದ್ದಾರೆ, ಮಗುವಿನ ಹಾಗೆ ಟವೆಲು ಸುತ್ತಿ ಮಡಿಲಲ್ಲಿಟ್ಟುಕೊಂಡು ಬಂದವರಿದ್ದಾರೆ.

ಹೆಡತಲೆಯಿಂದ ಒಬ್ಬರು ಬಂದರು. ಮೂರು ಹಸು ಸಾಕಿಕೊಂಡು ಡೇರಿಗೆ ಹಾಲು ಹಾಕುವವರು. ಕ್ಯಾನನ್ನು ಟೇಬಲಿನ ಮೇಲೆ ಧಪ್ಪನೆ ಇಟ್ಟರು. ಕಂಠದ ತನಕ ತುಂಬಿತ್ತು. ನನಗೆ ಗಾಬರಿಯಾಯಿತು. ಇಷ್ಟು ಹೋಗುವವರಿಗೆ ಬೇರೆಯೇ ಕಾಯಿಲೆ ಇರಬೇಕು.

"ಇದೆಲ್ಲ ನಿಮ್ಮದೇನಾ?" ಎಂದೆ.

"ನಂದು ಅರ್ಧಕ್ಕೇ ನಿಂತೋಯ್ತು ಅಕ್ಕೋರೆ. ಅರ್ಧ ಕ್ಯಾನ್ ತಂದ್ರೆ ಮರ್ವಾದೆ ಇರ್ತದಾ? ಮನೆಯವ್ಳು ವಸಿ ಆಕಿದ್ಲು, ಮಗ ವಸಿ ಆಕ್ದ. ನಮ್ಮವ್ವನೂ ಆಕೈತೆ. ನೀರು ಮಾತ್ರ ಒಂದು ತೊಟ್ಟೂ ಬೆರ್ಸಿಲ್ಲ, ದೇವ್ರಾಣೆ."

ಒಬ್ಬರದು ಮಾತ್ರ ಬೇಕು, ಎಷ್ಟಿದ್ದರೂ ಸರಿ ಎಂದು ಬಿಡಿಸಿ ಹೇಳಿ, ಹೊಸ ಕ್ಯಾನು ಕೊಟ್ಟು ಕಳಿಸಿದೆ. ಎರಡನೆಯ ಸಲ ಸರಿಯಾಗಿ ತಂದರು. ನಾನು ಅಳತೆಯ ಜಾಡಿಗೆ ಸುರಿಯುವುದನ್ನು ಕಣ್ಣಿಟ್ಟು ನೋಡಿ, ಮೆಲ್ಲಗೆ ಕೇಳಿದರು.

"ಫ್ಯಾಟ್ ಎಷ್ಟು ಬತ್ತು ಅಕ್ಕೋರೆ?"

ವಿಭೂತಿ

ಈ ಫ್ಯಾಟಿನ ಕತೆಯನ್ನು ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ನಗುತ್ತಾಳೇನೋ ಎಂದು ಕಾದೆ. "ಪಾಪ" ಎಂದಳು. ಆಮೇಲೆ ಅವಳೇ, "ನಂಗೂ ಒಂದು ಕ್ಯಾನು ತಂದ್ಕೊಡು. ಮುಗ್ದೋಗ್ಲಿ" ಎಂದಳು.

ಅವಳು ಆರಿಸಿಕೊಂಡ ದಿನ ಭಾವನ ವರ್ಷದ ಎಡೆಯ ಹಿಂದಿನ ದಿನ. ನಾನು ಬೇಡವೆಂದೆ. "ಬೇರೆ ದಿನ ಆಚೆ ಈಚೆ ಓಡಾಡ್ಬೇಕಾಯ್ತದೆ. ಅವತ್ತು ಎಂಗಿದ್ರೂ ಮನೇಲೇ ಇದ್ದು ಕಜ್ಜಾಯ ಸುಡ್ತಿರ್ತೀನಿ" ಎಂದಳು. ಎಡೆಯ ದಿನ ಬೆಳಗ್ಗೆ ನಾನೇ ಬಂದು, ಸ್ಯಾಂಪಲ್ ಒಯ್ಯುವ ನಮ್ಮ ವ್ಯಾನಿಗೆ ಕ್ಯಾನು ಏರಿಸಿಬಿಡುವುದು ಎಂದು ಮಾತಾಯಿತು.

ಬೆಳಗ್ಗೆ ನಾನು ಹೋದಾಗ ಮನೆ ತುಂಬ ನೆಂಟರು. ಒಳಗೆ ನಾಟಿಕೋಳಿ ಬೇಯುತ್ತಿತ್ತು. ಭಾವನ ಫೋಟೋ ಮುಂದೆ ಅವರಿಗೆ ಇಷ್ಟವಾದದ್ದನ್ನೆಲ್ಲ ಇಡಲು ಜಾಗ ಮಾಡಿದ್ದರು, ಒಂದು ಕಟ್ಟು ಬೀಡಿಯೂ ಇತ್ತು. ಹೊರಗೆ ವ್ಯಾನಿನವರು ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿದ್ದರು. ಅಕ್ಕ ಒಲೆಯ ಮುಂದಿನಿಂದಲೇ, "ಬಚ್ಚಲ ಮಗ್ಗುಲಲ್ಲೈತೆ" ಎಂದು ಕಣ್ಣಿನಲ್ಲೇ ತೋರಿಸಿದಳು.

ಹಿತ್ತಿಲಿಗೆ ಹೋದೆ. ಬಚ್ಚಲ ಪಕ್ಕದ ಕಟ್ಟೆಯ ಮೇಲೆ ಒಂದೇ ಥರದ ಬಿಳಿ ಕ್ಯಾನು ಎರಡಿದ್ದವು. ಎರಡಕ್ಕೂ ಲೇಬಲ್ ಇರಲಿಲ್ಲ. ಒಂದರ ಮೇಲೆ ಅಗಲವಾಗಿ ಮೂರು ಗೆರೆ ವಿಭೂತಿ ಬಳಿದಿತ್ತು. ದೊಡ್ಡಭಾವ ಮುಂಜಾನೆಯೇ ಸಂಗಮದಲ್ಲಿ ಮುಳುಗಿ, ಮನೆ ಶುದ್ಧಿಗೆ ಅಲ್ಲಿಂದ ನೀರು ತರುತ್ತಾರೆ ಎಂದು ನನಗೆ ಗೊತ್ತಿತ್ತು. ವಿಭೂತಿ ಬಳಿದದ್ದು ಅವರ ತೀರ್ಥ. ಇದರಲ್ಲಿ ಯೋಚಿಸುವುದೇನಿದೆ? ನಾನು ಇನ್ನೊಂದನ್ನು ಎತ್ತಿದೆ, ಹೊಸ ಲೇಬಲ್ ಅಂಟಿಸಿ ಅಕ್ಕನ ಹೆಸರು ಬರೆದೆ, ವ್ಯಾನಿಗೆ ಕೊಟ್ಟೆ.

ಒಂದೂವರೆ ಗಂಟೆ ಕಳೆದಿರಬೇಕು. ನಡುಮನೆಯಲ್ಲಿ ಸಾಂಬ್ರಾಣಿ ಹೊಗೆ. ಲ್ಯಾಬಿನಿಂದ ನನ್ನ ಜೊತೆ ಕೆಲಸ ಮಾಡುವ ಹುಡುಗಿಯ ಫೋನು ಬಂತು.

"ಅಕ್ಕಾ, ನಿಮ್ಮ ಪೇಷಂಟಿನ ಸ್ಯಾಂಪಲ್ ಅಳೀತಿದ್ದೆ" ಎಂದಳು. "ಇದ್ರಲ್ಲಿ ಒಂದು ಮೀನಿನ ಮರಿ ಐತೆ."

"ಏನು?"

"ಮೀನು ಅಕ್ಕಾ. ಜೀವ ಐತೆ. ಈಜ್ತಾ ಐತೆ. ರಿಪೋರ್ಟಲ್ಲಿ ಬರೀಲಾ?"

ನಡುಮನೆಯ ಕಡೆ ತಿರುಗಿದೆ. ದೊಡ್ಡಭಾವ ಮಡಿಪಂಚೆ ಉಟ್ಟು ನಿಂತಿದ್ದರು. ಕೈಯಲ್ಲಿ ಹಿತ್ತಾಳೆ ಬಿಂದಿಗೆ, ಇನ್ನೊಂದು ಕೈಯಲ್ಲಿ ಮಾವಿನ ಸೊಪ್ಪು. ಪಕ್ಕದಲ್ಲಿ ವಿಭೂತಿ ಬಳಿದ ಕ್ಯಾನು, ಖಾಲಿ. ಹೊಳೆಯಲ್ಲಿ ಮುಳುಗಿ ಅವರಿಗೆ ನೆಗಡಿ ಹಿಡಿದಿತ್ತು, ಮೂಗು ಕಟ್ಟಿ ಮಾತೆಲ್ಲ ಗಂಟಲಲ್ಲೇ ಬರುತ್ತಿತ್ತು.

"ನೋಡ್ರಪ್ಪಾ, ನಾನ್ ತಂದಿಟ್ಟು ಬಟ್ಟೆ ಬದ್ಲಾಯ್ಸೋಷ್ಟರಲ್ಲಿ ಕ್ಯಾನಿಗೆ ವಿಭೂತಿ ಬಳ್ದವಳೆ. ಮನೆ ಸೊಸೆ ಅಂದ್ರೆ ಇಂಗಿರ್ಬೇಕು" ಎನ್ನುತ್ತಿದ್ದರು. ನಾಲ್ಕು ಮೂಲೆಗೂ ಚಿಮುಕಿಸಿ ಆಗಿತ್ತು. ಭಾವನ ಫೋಟೋಗೆ ಚಿಮುಕಿಸಿ ಆಗಿತ್ತು. ತಮ್ಮ ತಲೆಗೆ ಧಾರಾಳವಾಗಿ ಪ್ರೋಕ್ಷಣೆ ಮಾಡಿಕೊಂಡಿದ್ದರು. ಹಿರಿಯರೆಂದು ಮೊದಲ ಉದ್ಧರಣೆ ತಾವೇ ತೆಗೆದುಕೊಂಡು ಬಾಯಿ ಚಪ್ಪರಿಸುತ್ತಿದ್ದರು.

"ವಸಿ ಉಪ್ಪುಪ್ಪು" ಎಂದರು. "ಒಸ ನೀರು ಬಂದೈತೆ ನೋಡಿ, ಬಣ್ಣನೂ ಅಂಗೇ ಐತೆ. ಮೂರು ನದಿ ಸೇರೋ ಜಾಗದ್ ರುಚಿಯೇ ಬೇರೆ. ಕೈ ಒಡ್ಡಿ ಎಲ್ರೂ."

ಸಾಲಾಗಿ ಕೈಗಳು ಮುಂದೆ ಬಂದವು. ನಾನು ಅದು ಹೇಗೆ ಹಾರಿದೆನೋ ಗೊತ್ತಿಲ್ಲ. "ತಡೀರಿ ದೊಡ್ಡಭಾವ! ಅದು ಲ್ಯಾಬಿನ ಕ್ಯಾನು, ಅದಕ್ಕೆ ಔಷಧಿ ಹಾಕಿರ್ತೀವಿ, ಕುಡೀಬಾರದು!" ಎಂದು ಬಾಯಿಗೆ ಬಂದ ಸುಳ್ಳು ಹೇಳಿ ಬಿಂದಿಗೆ ಕಿತ್ತುಕೊಂಡೆ.

"ಸಂಗಮದ್ ನೀರಿಗೆ ಯಾವ್ ಔಸ್ದಿ ಏನ್ ಮಾಡಾತು? ನಾನೇ ಕುಡ್ದಿಲ್ವಾ?" ಎಂದು ಅವರು ಎದೆ ತಟ್ಟಿಕೊಂಡರು.

ಬಿಂದಿಗೆಯನ್ನು ಹಿತ್ತಿಲ ಮೋರಿಗೆ ಬರಿದು ಮಾಡಿ, ಅಕ್ಕನನ್ನು ಅಡುಗೆಮನೆಯ ಬಾಗಿಲ ಹಿಂದಕ್ಕೆ ಎಳೆದುಕೊಂಡು ಹೋದೆ. "ನಿನ್ನ ಕ್ಯಾನಿಗೆ ವಿಭೂತಿ ಯಾರು ಬಳಿದದ್ದು?"

"ನಾನೇ" ಎಂದಳು. "ನಿನ್ ಲೇಬಲ್‌ನಾಗೆ ನನ್ ಎಸ್ರು ಬರ್ದು, ಮುಂದಕ್ಕೆ ಮೂತ್ರ ಅಂತ ಬರ್ದಿದ್ದೆ. ಮನೆ ತುಂಬ ನೆಂಟ್ರು. ನಾಚ್ಕೆ ಆಗಿ ಕಿತ್ತಾಕ್ದೆ. ಯಾರಾನ ಎತ್ತಿ ಚೆಲ್ಲಿಬುಟ್ರೆ ಅಂತ ವಿಭೂತಿ ಬಳ್ದೆ. ವಿಭೂತಿ ಕಂಡ್ರೆ ಒಬ್ರೂ ಮುಟ್ಟಾಕಿಲ್ವಲ್ಲ. ಯಾಕೆ?"

ನಾನು ಅವಳ ಕಿವಿಯಲ್ಲಿ ಎಲ್ಲ ಹೇಳಿದೆ. ಮೀನಿನ ಮರಿ, ಬಿಂದಿಗೆ, ಫೋಟೋ, ದೊಡ್ಡಭಾವನ ತಲೆ, ಉದ್ಧರಣೆ, ಉಪ್ಪುಪ್ಪು.

ಅಕ್ಕ ನನ್ನ ಮುಖವನ್ನೇ ನೋಡುತ್ತಾ ನಿಂತಳು. ಆಮೇಲೆ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಭುಜ ಅಲುಗಿತು. ಗೋಡೆಗೆ ಒರಗಿ ಜಾರಿ ಕೆಳಗೆ ಕೂತುಬಿಟ್ಟಳು. ಮೈಯೆಲ್ಲ ಕುಲುಕುತ್ತಿತ್ತು. ನಗುತ್ತಿದ್ದಳು. ಒಂದು ವರ್ಷದ ಮೇಲೆ ನನ್ನ ಅಕ್ಕ ನಗುತ್ತಿದ್ದಳು.

ಅಷ್ಟರಲ್ಲಿ ಯಾರೋ ನೋಡಿಬಿಟ್ಟರು. "ಅಯ್ಯೋ, ಅತ್ಲು ಕಣ್ರವ್ವಾ! ಕೊನೆಗೂ ಅತ್ಲು!" ಎಂದು ಕೂಗಿದರು. ಹೆಂಗಸರೆಲ್ಲ ನುಗ್ಗಿ ಬಂದು ಅವಳನ್ನು ತಬ್ಬಿಕೊಂಡರು. "ಅಳವ್ವಾ ನನ್ ಕಂದ, ಅತ್ಬುಡು, ತಡ್ಕಬೇಡ" ಎಂದು ಅವರೂ ಅಳತೊಡಗಿದರು. ಆ ರಾಶಿಯ ನಡುವಿನಿಂದ ಅಕ್ಕ ಒಂದು ಕೈ ಚಾಚಿ ನನ್ನ ಕೈ ಹಿಡಿದು ಹತ್ತಿರಕ್ಕೆ ಎಳೆದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಾಯಿ ಇನ್ನೂ ನಗುತ್ತಿತ್ತು.

"ಏಳ್ದಂಗೇ ಮಾಡ್ಬುಟ್ರು ಕಣೆ ನಿಮ್ ಭಾವ" ಎಂದಳು. "ಸತ್ತಾದ್ರೂ ಬುಡಾಕಿಲ್ಲ ಅಂದಿದ್ರು. ಬುಡ್ನಿಲ್ಲ ಕಣೆ."

ಹೇಳುತ್ತಾ ಹೇಳುತ್ತಾ ಬಾಯಿ ಸೊಟ್ಟಗಾಯಿತು. "ಇದ್ನ ನಾನೀಗ ಯಾರ್ಗೆ ಏಳ್ಲಿ?" ಎಂದಳು. ಅಷ್ಟು ಹೇಳಿ ಅತ್ತಳು. ನಾನು ಹುಟ್ಟಿದಾಗಿನಿಂದ ಯಾರೂ ಹಾಗೆ ಅತ್ತದ್ದನ್ನು ಕೇಳಿಲ್ಲ. ಭಾವನ ಹೆಸರು ಹಿಡಿದು ಕೂಗಿದಳು. ಯಾಕೆ ಹೋದೆ, ನನ್ನ ಬಿಟ್ಟು ಯಾಕೆ ಹೋದೆ ಎಂದು ಬೈದಳು. ಗಂಡನನ್ನು ಏಕವಚನದಲ್ಲಿ ಕರೆದವಳಲ್ಲ ಅವಳು. ನಾನೂ ಅತ್ತೆ. ನನ್ನದೂ ಒಂದು ವರ್ಷದ್ದು ಒಳಗೇ ಉಳಿದಿತ್ತು.

ಅತ್ತು ಸಾಕಾದ ಮೇಲೆ ಅಲ್ಲೇ ಮಗಳ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಪಾತ್ರೆ ಬಿದ್ದವು, ಮಕ್ಕಳು ಕಿರುಚಿದವು, ಎಚ್ಚರವಾಗಲಿಲ್ಲ. ಎಡೆ ಇಡುವ ಮೊದಲು ಇನ್ನೊಮ್ಮೆ ಒರೆಸುವುದು ನಮ್ಮ ತವರಿನ ಪದ್ಧತಿ ಎಂದು ಸುಳ್ಳು ಹೇಳಿ, ನಾನು ಫಿನಾಯಿಲ್ ಹಾಕಿ ಮನೆಯನ್ನೆಲ್ಲ ಒರೆಸಿದೆ. ಫೋಟೋ ಒರೆಸುವಾಗ ಭಾವ ನನ್ನನ್ನೇ ನೋಡಿ ನಗುತ್ತಿದ್ದರು. ದೊಡ್ಡಭಾವನಿಗೆ ಸೀಗೆಪುಡಿ ಕೊಟ್ಟು ಇನ್ನೊಂದು ಸಲ ತಲೆ ತೊಳೆದುಕೊಳ್ಳಿ ಎಂದರೆ ಒಪ್ಪಲಿಲ್ಲ. "ತೀರ್ಥ ಬಿದ್ದ ತಲೆಯ ಇವತ್ತು ತೊಳೀತಾರಾ?" ಎಂದರು. ಉಂಡು ಹೊರಡುವಾಗ ಮಲಗಿದ್ದ ಅಕ್ಕನನ್ನು ನೋಡಿ ಅವರ ಕಣ್ಣೂ ತುಂಬಿತು. "ನಾನ್ ತಂದ ನೀರು ಬಿದ್ಮೇಲೇ ಈ ಕೂಸಿಗೆ ಸಮಾಧಾನ ಆಗಿದ್ದು. ಬರೋ ವರ್ಸನೂ ನಾನೇ ತತ್ತೀನಿ" ಎಂದರು.

ಮುಂದಿನ ವಾರ ಅಕ್ಕ ಇನ್ನೊಂದು ಕ್ಯಾನು ತುಂಬಿಸಿ ಕೊಟ್ಟಳು, ಲೇಬಲ್ ಸಮೇತ. ಗ್ರಂಥಿಯಲ್ಲಿ ಏನೂ ತೊಂದರೆ ಕಾಣುತ್ತಿಲ್ಲ, ಇಳಿಯುತ್ತಿದೆ, ಆದರೆ ನಿಧಾನಕ್ಕೆ ಎಂದರು ಡಾಕ್ಟರು. ಅದು ಹೇಗೆ ಇಳಿಯಲು ಶುರುವಾಯಿತು ಎಂದು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ.

ಎಡೆಯ ದಿನ ಸಂಜೆಗೆ ಮಗಳು, ನೆಂಟರು ಎಲ್ಲ ಹೋಗಿದ್ದರು. ಅಕ್ಕ ಎದ್ದಳು. ಮುಖ ತೊಳೆದುಕೊಂಡು ಬಂದು ಕಾಫಿಗಿಟ್ಟಳು. ಅಭ್ಯಾಸದಂತೆ ಕೈ ಎರಡು ಲೋಟ ಇಟ್ಟಿತು. ಎರಡಕ್ಕೂ ಬಗ್ಗಿಸಿ, ಸ್ವಲ್ಪ ಹೊತ್ತು ನೋಡುತ್ತಾ ನಿಂತು, ಭಾವನ ಲೋಟವನ್ನು ನನ್ನ ಮುಂದಿಟ್ಟಳು.

"ಕುಡಿ" ಎಂದಳು.

ಏನಾದರೂ ಹೇಳದಿದ್ದರೆ ಇಬ್ಬರೂ ಮತ್ತೆ ಅಳಲು ಶುರುಮಾಡುತ್ತೇವೆ ಎನಿಸಿತು. ಲೋಟ ಎತ್ತಿ, ಮೂಸಿ, ಕೇಳಿದೆ.

"ಅಕ್ಕಾ, ನೀರು ಯಾವ ಕ್ಯಾನಿಂದು?"